ಓಬಳಪ್ಪನ ಪಾಟಾ ಮುರಿಯೋದಿಲ್ಲ

ಜಗಳೂರಿನ ಓಬಳಪ್ಪನಿಗೆ ಈ ಲೋಕದಲ್ಲಿ ಮೆಚ್ಚುಗೆಯಾದ ಮನುಷ್ಯ ಒಬ್ಬನೇ. ಬೆಳಿಗ್ಗೆ ಕುಲುಮೆಯ ಮುಂದಿನ ಕಂಬಕ್ಕೆ ಸಿಕ್ಕಿಸಿದ ಹಳೇ ಲಾರಿ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ಮಾತ್ರ ಆ ಮನುಷ್ಯ ಕಾಣಸಿಗುತ್ತಿದ್ದ. ಮಿಕ್ಕವರೆಲ್ಲ ದಂಡಪಿಂಡಗಳು. ಬಿಳಿಚೋಡಿನ ವೆಲ್ಡಿಂಗಿನವನು ಬೆಸುಗೆ ಹಾಕುವುದಿಲ್ಲ, ಗೋಂದು ಹಚ್ಚುತ್ತಾನೆ. ದಾವಣಗೆರೆಯ ಮೆಕ್ಯಾನಿಕ್ಕುಗಳಿಗೆ ಬಿಚ್ಚಲು ಬರುತ್ತದೆ, ಹೊಸದು ಹಾಕಲು ಬರುತ್ತದೆ, ನಡುವೆ ಮಾಡಬೇಕಾದ ಕೆಲಸವೇ ಬರುವುದಿಲ್ಲ. ಸೊಕ್ಕೆಯ ಟ್ರ್ಯಾಕ್ಟರಿನವರಿಗೆ ಟ್ರೇಲರಿಗೆ ಎಷ್ಟು ಹೇರಬೇಕೆಂಬ ಖಬರಿಲ್ಲ. ಹೆಂಡತಿ ಕೊಲ್ಲಾಪುರಮ್ಮನಿಗೆ ಮದುವೆಯಾಗಿ ನಲವತ್ತು ವರ್ಷವಾದರೂ ಚಹಾಕ್ಕೆ ಸಕ್ಕರೆ ಎಷ್ಟೆಂಬುದು ತಿಳಿದಿಲ್ಲ. ಬೆಳಿಗ್ಗೆ ಎಂಟಕ್ಕೆ ಶುರುವಾದ ಈ ಪಟ್ಟಿ ಸಂಜೆ ಕುಲುಮೆ ಆರುವವರೆಗೂ ಬೆಳೆಯುತ್ತಲೇ ಇರುತ್ತಿತ್ತು.

ಅವನ ಕಸುಬು ಪಾಟಾ ಕೆಲಸ. ಗಾಡಿಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಭಾರವನ್ನೆಲ್ಲ ಹೊತ್ತು, ಗುಂಡಿಗೆ ಬಿದ್ದಾಗ ಬಗ್ಗಿ ಮತ್ತೆ ಏಳುವಂಥವು, ಅವೇ ಪಾಟಾ. ವರ್ಷಗಟ್ಟಲೆ ಹೊತ್ತು ಹೊತ್ತು ಚಪ್ಪಟೆಯಾದದ್ದನ್ನು ಓಬಳಪ್ಪ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಸುಟ್ಟ ಎಣ್ಣೆಯ ಡ್ರಮ್ಮಿಗೆ ಅದ್ದಿ ಹದ ಮಾಡುತ್ತಿದ್ದ. ಬೇಕಾದರೆ ಹೊಸ ಪಟ್ಟಿಯನ್ನೇ ಕಡಿದು ಮಾಡಿಕೊಡುತ್ತಿದ್ದ. ಕೆಲಸದಲ್ಲಿ ಕೈ ಇತ್ತು, ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆದರೆ ಕೈಗಿಂತ ಬಾಯಿ ಒಂದು ಗೇಣು ಮುಂದಿತ್ತು.

ಬೇರೆ ಪಾಟಾದವರು ಯಾರೂ ಮಾಡದ ಒಂದು ಕೆಲಸವನ್ನು ಅವನು ಮಾಡುತ್ತಿದ್ದ. ಪಟ್ಟಿ ಇನ್ನೂ ಕೆಂಪಗಿರುವಾಗಲೇ ಅದರ ಮೇಲ್ಮೈಗೆ ಒಂದು ಉಳಿಯಿಟ್ಟು ಬಲವಾಗಿ ಒಂದೇ ಏಟು ಹಾಕುತ್ತಿದ್ದ. ಉಳಿಯ ತುದಿಯಲ್ಲಿ ‘ಓ’ ಎಂಬ ಅಕ್ಷರ ಕೊರೆದಿತ್ತು. ಉಳಿದವರು ಯಾಕೆ ಗುರುತು ಹಾಕುವುದಿಲ್ಲ ಎಂದು ಯಾರೂ ಕೇಳದಿದ್ದರೂ ಅವನೇ ಹೇಳುತ್ತಿದ್ದ. “ಹೆಸರು ಹಾಕಾಕೆ ಎದೆ ಬೇಕಪ್ಪ. ಮಾಡಿದ್ದು ಮುರಿಯುತ್ತೆ ಅಂತ ಗೊತ್ತಿದ್ದೋನು ಹೆಸರು ಹೆಂಗೆ ಹಾಕ್ತಾನೆ?”

ಆಮೇಲೆ ಗಿರಾಕಿಯ ಕೈಗೆ ಪಾಟಾ ಕೊಡುವಾಗ ತಪ್ಪದೆ ಒಂದು ಮಾತು. “ಓಬಳಪ್ಪನ ಪಾಟಾ ಮುರಿಯೋದಿಲ್ಲ. ಮುರಿದ್ರೆ ತಗೊಂಡು ಬಾ. ಅವತ್ತೇ ಕುಲುಮೆಗೆ ನೀರು ಹೊಯ್ದು ಬಿಳಿಚೋಡಿನಾಗೆ ಕುರಿ ಕಾಯಾಕೆ ಹೋಗ್ತೀನಿ.” ಇದು ತಮಾಷೆಯ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಸ್ವಂತ ತಮ್ಮನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದವನು, ತಮ್ಮ ಸತ್ತಾಗಲೂ ಬೀದಿಯಲ್ಲೇ ನಿಂತು ಮಣ್ಣಿಗೆ ಹೋಗಿ ಬಂದಿದ್ದ. ಆಡಿದರೆ ಮುಗಿಯಿತು.

ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ಪಾಟಾ ವಾಪಸ್ ಬಂದಿರಲಿಲ್ಲ. ಓಬಳಪ್ಪನ ಆಸ್ತಿ ಅಂತ ಇದ್ದದ್ದು ಇದೊಂದೇ. ಮನೆ ಹೆಂಚು ಸೋರುತ್ತಿತ್ತು, ಮಂಡಿ ಸವೆದಿತ್ತು, ಪಾಟಾ ಇರುವ ಗಾಡಿಗಳೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಆದರೂ ಬೆಂಚಿನ ಮೇಲೆ ಯಾರು ಕೂತರೂ ಅವನ ಪ್ರವರ ಶುರುವಾಗುತ್ತಿತ್ತು. “ಹೊನ್ನಾಳಿ ಪರಮೇಶ ಅದಾನಲ್ಲ, ಮೊದ್ಲು ತನ್ನ ಜೀಪಿಗೆ ಮಾಡಿಸ್ಕೊಂಡ. ಆಮೇಲೆ ಅವರಣ್ಣನ ಜೀಪಿಗೆ. ಆಮೇಲೆ ಭಾವನ ಜೀಪಿಗೆ. ಒಂದು ಮನೆತನಕ್ಕೇ ಹಾಕೀನಿ ನಾನು! ನ್ಯಾಮತಿ ಸಿದ್ದಲಿಂಗೇಶ ಸೂರಗೊಂಡನಕೊಪ್ಪದ ಜಾತ್ರೆಗೆ ಜನ ಹೊಡೀತಾನಲ್ಲ, ಅವನ ಟೆಂಪೋ ನಂದೇ ಪಾಟಾದ ಮೇಲೆ ಓಡೋದು. ಒಂದು ವಾಪಸ್ ಬಂದೈತಾ ಕೇಳ್ರಿ? ಒಂದು?” ಬೆಂಚಿನ ಮೇಲಿದ್ದವರು ಚಹಾದ ಲೋಟದೊಳಗೆ ಮುಖವಿಟ್ಟು ಇಲ್ಲ ಇಲ್ಲ ಎನ್ನುತ್ತಿದ್ದರು.

ಹೀಗಿರುವಾಗ ಅವನ ಅಕ್ಕನ ಮಗ ಪ್ರದೀಪ, ಚನ್ನಗಿರಿ ಕಡೆಗೆ ಗೂಡ್ಸ್ ಗಾಡಿ ಓಡಿಸುವವನು, ಒಂದು ದಿನ ಕುಲುಮೆಗೆ ಬಂದು ಮೊಬೈಲು ಮುಂದೆ ಹಿಡಿದ. ಅದರಲ್ಲೊಂದು ವಿಡಿಯೋ. ಚನ್ನಗಿರಿಯ ಅಡಿಕೆ ವ್ಯಾಪಾರಿ ಮುರುಗೇಶಪ್ಪನವರ ಮನೆ ಮುಂದಿನ ಶೀಟಿನ ಕೆಳಗೆ ಅವರ ಬಿಳೀ ಅಂಬಾಸಿಡರ್ ಕಾರು ಗಾಲಿಗಳಿಲ್ಲದೆ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಮುರುಗೇಶಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಕಾರಿನ ಪಕ್ಕದಲ್ಲಿ ಕೈಗೆ ಕರೀ ರಬ್ಬರ್ ಗವಸು ಹಾಕಿಕೊಂಡು ನಿಂತವನು ಅವರ ಮಗ ಸತೀಶ್ ಕುಮಾರ್. “ಇದು ನಮ್ಮ ಅಪ್ಪಾಜಿ ಕಾರು. ಹಿಂದಿನ ಪಾಟಾ ಎಲ್ಲಾ ಹೋಗಿದ್ವು. ತೆಗೆದು ಹೊಸ ಸೆಟ್ಟು, ಗ್ಯಾಸಿನ ಶಾಕ್ ಅಬ್ಸಾರ್ಬರ್, ಅಗಲದ ಅಲಾಯ್ ವೀಲು ಹಾಕ್ತಿದೀವಿ. ಎಲ್ಲಾ ಮನ್ಯಾಗೇ, ನಾವೇ,” ಎಂದು ಅವನು ನಗುತ್ತಾ ಹೇಳುತ್ತಿದ್ದ.

ಓಬಳಪ್ಪ ಮೊಬೈಲನ್ನು ಕಿತ್ತುಕೊಂಡು ಕಿವಿಗೇ ಹಿಡಿದ. “ಏನಂದ? ಇನ್ನೊಂದು ಸಲ ಹಾಕು.”

ಪ್ರದೀಪ ಹಾಕಿದ.

“ಹೋಗಿದ್ವು ಅಂದ್ನಾ?”

“ಹೂಂ ಮಾವ. ಹೋಗಿದ್ವು ಅಂದ.”

ಹೋಗಿದ್ವು! ಆ ಕಾರಿನ ಪಾಟಾ ಓಬಳಪ್ಪನೇ ಇಪ್ಪತ್ತೈದು ವರ್ಷದ ಹಿಂದೆ ಕೈಯಾರೆ ಮಾಡಿದ್ದು. ಮುರುಗೇಶಪ್ಪನವರ ಹೆಂಡತಿ ಅನ್ನಪೂರ್ಣಮ್ಮನ ತವರು ಜಗಳೂರು. ಹೆಂಡತಿಯನ್ನು ತವರಿಗೆ ಬಿಡಲು ಬಂದಾಗ ಡಿಕ್ಕಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಬಂದ ಆ ಕಾರು, ಬಾಲ ಸುಟ್ಟ ನಾಯಿಯಂತೆ ಹಿಂದೆ ಕುಕ್ಕರಿಸಿತ್ತು. ಓಬಳಪ್ಪ ಕಾರಿನ ಒಂದೊಂದು ಬದಿಗಿದ್ದ ಆರು ಪಟ್ಟಿಗಳ ಜೊತೆ ಮೂಟೆಯ ಭಾರಕ್ಕೆಂದೇ ಏಳನೆಯದೊಂದನ್ನು ತನ್ನ ತಲೆಯಿಂದ ತೆಗೆದು ಸೇರಿಸಿದ್ದ. ಏಳಕ್ಕೂ ‘ಓ’ ಬಡಿದಿದ್ದ. ಈಗ ಗವಸು ಹಾಕಿದ ಒಬ್ಬ ವ್ಯಾಪಾರಿ, ಹುಟ್ಟಿದಾಗಿನಿಂದ ಅಡಿಕೆ ಮೂಸುವುದು ಬಿಟ್ಟು ಬೇರೆ ಕೆಲಸ ಕಾಣದವನು, ಊರಿಗೆಲ್ಲ ಕೇಳುವಂತೆ ಹೋಗಿದ್ವು ಅನ್ನುತ್ತಾನೆ!

“ನಾನು ಹೋಗ್ತೀನಿ ಚನ್ನಗಿರಿಗೆ,” ಎಂದ ಓಬಳಪ್ಪ. “ಆ ಪಾಟಾ ಅವನ ಮುಂದೆ ಬಡಿದು ಕೇಳಿಸ್ತೀನಿ. ಹೋಗಿರೋದು ಪಾಟಾನೋ ಅವನ ತಲೆನೋ ನೋಡೋಣ.”

ಕೊಲ್ಲಾಪುರಮ್ಮ ಒಳಗಿನಿಂದ ಬಂದು ಬಾಗಿಲಿಗೊರಗಿದಳು. “ಅವರ ಕಾರು, ಅವರ ಮನಿ. ಬೇಕಾದ್ದು ಹಾಕ್ಕೊಳ್ಲಿ ಬಿಡ್ರಿ. ನೀವು ಯಾಕೆ ಹೋಗಿ ನೋಡಬೇಕು?”

“ನೋಡ್ದೆ ಇರಾಕಾಗುತ್ತಾ? ಮುರಿದಿದ್ರೆ ನಾನು ಕುಲುಮೆ ಮುಚ್ಚಬೇಕಲ್ಲ!”

“ಅದಕ್ಕೇ ಅಂದೆ, ಹೋಗಬ್ಯಾಡ್ರಿ.”

ಅವಳಿಗೆ ಮಾತನಾಡಲು ಬರುವುದಿಲ್ಲ ಎಂಬುದು ಓಬಳಪ್ಪನಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಅಂಗಿ ಬದಲಿಸಿ, ಒಂದು ಸಣ್ಣ ಸುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದ. ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲೇ ಕೂತ. ಬಸ್ಸು ಹಳ್ಳ ಹಾರಿದಾಗಲೆಲ್ಲ ಪಕ್ಕದವನ ಮೊಣಕೈ ತಿವಿದು, “ಕೇಳಿದ್ಯಾ? ಮೂರನೇ ಪಟ್ಟಿ ಸಡಿಲ ಐತೆ. ಯಾವನೋ ಕಿವುಡ ಕಟ್ಟಿರೋದು,” ಎಂದ. ಪಕ್ಕದವನು ಎರಡು ಸಲ ಹೂಂ ಎಂದು, ಮೂರನೇ ಸಲಕ್ಕೆ ಎದ್ದು ಮುಂದೆ ಹೋಗಿ ನಿಂತ. ದಾವಣಗೆರೆಯಲ್ಲಿ ಇಳಿದು ಚನ್ನಗಿರಿ ಬಸ್ಸು ಹಿಡಿದ. ಸಂತೇಬೆನ್ನೂರು ದಾಟುವ ಹೊತ್ತಿಗೆ ಆ ಬಸ್ಸಿನ ಡ್ರೈವರ್, ಕಂಡಕ್ಟರ್, ರಸ್ತೆ ಮಾಡಿದ ಕಂಟ್ರಾಕ್ಟರ್, ಮೂವರೂ ಅವನ ಬಾಯಲ್ಲಿ ನೆನೆದು ಮುಗಿದಿದ್ದರು.

ಮುರುಗೇಶಪ್ಪನವರ ಮನೆ ಮುಂದೆ ಬಂದಾಗ ಕಂಡದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಕಾರಿಗೆ ಬೆಳ್ಳಿ ತಟ್ಟೆಯಂತೆ ಹೊಳೆಯುವ ಹೊಸ ಗಾಲಿಗಳು ಬಂದಿದ್ದವು. ನಾಲ್ಕೂ ಗಾಲಿಗಳಡಿ ದಪ್ಪನೆಯ ದಿಮ್ಮಿ. ಎಲ್ಲಿಗೂ ಹೋಗದೆ ನಿಂತ ಆ ಕಾರಿನ ಹಿಂದಿನ ಸೀಟಿನಲ್ಲಿ ಅನ್ನಪೂರ್ಣಮ್ಮ ಗಂಭೀರವಾಗಿ ಕೂತಿದ್ದರು. ಪಕ್ಕದಲ್ಲಿ ಸೊಸೆ ಸಂಧ್ಯಾರಾಣಿ ಮಡಿಲಲ್ಲಿ ಮೊರ ಇಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಎರಡು ಮೂಟೆ. ಕಾರಿನಡಿಯಿಂದ ಸತೀಶನ ಎರಡು ಕಾಲು ಮಾತ್ರ ಹೊರಗಿದ್ದವು.

“ಏನ್ ಅಮ್ಮಾರೆ, ಧರ್ಮಸ್ಥಳಕ್ಕೆ ಹೊಂಟೀರಾ?” ಎಂದ ಓಬಳಪ್ಪ.

ಅನ್ನಪೂರ್ಣಮ್ಮನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಜೋರಾಗಿಯೇ ನಕ್ಕರು. “ಅಯ್ಯೋ, ಓಬಳಪ್ಪಣ್ಣ! ಬರ್ರಿ ಬರ್ರಿ. ನೋಡ್ರಿ ಇವನ ಹುಚ್ಚಾಟ. ಅರ್ಧ ಗಂಟೆಯಿಂದ ನಮ್ಮನ್ನ ಮೂಟೆ ಮಾಡಿ ಕೂರಿಸ್ಯಾನೆ.”

ಸತೀಶ್ ಕುಮಾರ್ ತೆವಳಿಕೊಂಡು ಹೊರಬಂದ. ನಲವತ್ತು ದಾಟಿದ ಮನುಷ್ಯ, ತಲೆಗೆ ಬಟ್ಟೆ ಕಟ್ಟಿಕೊಂಡು, ಹಣೆಗೆ ಗ್ರೀಸು ಮೆತ್ತಿಕೊಂಡಿದ್ದ. ತಾಯಿ ಜಗಳೂರಿನವಳೆಂದು ಚಿಕ್ಕಂದಿನಿಂದ ಅವನು ಓಬಳಪ್ಪನನ್ನು ಮಾವ ಎನ್ನುತ್ತಿದ್ದ. “ಮಾವ! ಫೋನ್ ಮಾಡಿದ್ರೆ ಕಾರು ಕಳಿಸ್ತಿದ್ದೆನಲ್ಲ,” ಎಂದವನು, ಕಾರು ದಿಮ್ಮಿಯ ಮೇಲಿರುವುದು ನೆನಪಾಗಿ ಬಾಯಿ ಮುಚ್ಚಿದ.

ಓಬಳಪ್ಪ ಸೊಂಟದ ಮೇಲೆ ಕೈಯಿಟ್ಟು ಕಾರಿಗೆ ಒಂದು ಸುತ್ತು ಬಂದ. ಬಿಚ್ಚಿದ ನಟ್ಟು ಬೋಲ್ಟುಗಳೆಲ್ಲ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿದ್ದವು. ಪ್ರತಿ ಡಬ್ಬಿಯ ಮೇಲೂ ಚೀಟಿ, ಚೀಟಿಯ ಮೇಲೆ ಬರಹ: ಎಡ ಹಿಂದೆ, ಬಲ ಹಿಂದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎಂದು ಸದ್ದು ಮಾಡುವ ಉದ್ದನೆಯ ಪಾನಾ ಒಂದು ಬಟ್ಟೆಯ ಮೇಲೆ ಮಲಗಿತ್ತು. “ಇದೇನು, ಬೋಲ್ಟು ಉಪ್ಪಿನಕಾಯಿ ಹಾಕ್ತೀರಾ ಸಾವ್ಕಾರ್ರೆ? ಪಾನಾ ಹೇಳಬೇಕಾ ಬಿಗಿ ಆಯ್ತು ಅಂತ? ನಿಮ್ಮ ಕೈ ಏನು ದಾನ ಕೊಟ್ರಾ?”

“ನಂಗೆ ನಿಮ್ಮಂಥ ಕೈ ಇಲ್ಲ ಮಾವ. ಅದಕ್ಕೇ,” ಎಂದ ಸತೀಶ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದು ಓಬಳಪ್ಪನಿಗೆ ಇನ್ನಷ್ಟು ಹೇಸಿಗೆ ತಂದಿತು. ಬೈದರೆ ತಿರುಗಿ ಬೈಯಲೂ ಬಾರದ ಗಂಡಸು!

“ಹೆಂಗಸರನ್ನ ಯಾಕಪ್ಪ ಕೂರಿಸೀಯ?”

“ಭಾರಕ್ಕೆ. ಗಾಲಿ ನೇತಾಡುವಾಗ ಬಿಗಿದ್ರೆ, ಕಾರು ಕೆಳಗಿಳಿದ ಮೇಲೆ ಒಳಗಿನ ರಬ್ಬರ್ ಬುಶ್ಶು ತಿರುಚಿ ಹರಿದೋಗ್ತವೆ ಮಾವ. ನೆಲಕ್ಕೆ ಭಾರ ಬಿಟ್ಟು, ಜನ ಕೂರಿಸಿ, ಆಮೇಲೆ ಕೊನೇ ಬಿಗಿ ಹಾಕಬೇಕು ಅಂತ ಪುಸ್ತಕದಾಗೆ ಐತೆ.”

“ಪುಸ್ತಕದಾಗೆ!” ಓಬಳಪ್ಪ ಸಂಧ್ಯಾರಾಣಿಯ ಕಡೆ ತಿರುಗಿದ. “ನಲವತ್ತೆರಡು ವರ್ಷ ನೇತಾಡಿಸಿಕೊಂಡೇ ಬಿಗಿದೀನಿ ತಾಯಿ. ನನ್ನ ಪುಸ್ತಕ ಇಲ್ಲೈತೆ,” ಎಂದು ಅಂಗೈ ತೋರಿಸಿದ. ರಬ್ಬರ್ ಬುಶ್ಶುಗಳು ಹರಿದು ಹೋಗುತ್ತಿದ್ದದ್ದು ನಿಜ. ಆದರೆ ಅದು ರಬ್ಬರಿನವರ ಲಫಂಗತನವೆಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ. ತನ್ನ ಕೆಲಸದ ಕಡೆಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

“ಅದಿರಲಿ. ನನ್ನ ಪಾಟಾ ಎಲ್ಲಿ?”

ಸತೀಶ ತಾಯಿಯ ಮುಖ ನೋಡಿದ. “ಗುಜರಿಗೆ ಹಾಕಿಬಿಟ್ಟೆ ಮಾವ.”

“ಓಬಳಪ್ಪಣ್ಣ, ಮೊದ್ಲು ಏನಾದ್ರೂ ತಿನ್ರಿ. ಮಂಡಕ್ಕಿ ಮೆಣಸಿನಕಾಯಿ ಮಾಡ್ತೀನಿ,” ಎಂದು ಅನ್ನಪೂರ್ಣಮ್ಮ ಕಾರಿನಿಂದ ಇಳಿದೇ ಬಿಟ್ಟರು. ಕಾರಿನ ಹಿಂಭಾಗ ಮೆಲ್ಲಗೆ ಒಂದಿಷ್ಟು ಎದ್ದಿತು. “ಅಮ್ಮಾ, ಇಳೀಬೇಡ, ಇನ್ನೂ ಎರಡು ಬೋಲ್ಟು ಐತೆ,” ಎಂದ ಸತೀಶ. ಅವರು ಕೇಳಿಸಿಕೊಳ್ಳದೆ ಒಳಗೆ ಹೋದರು. ಸತೀಶ ಗೊಣಗುತ್ತಾ, ಹಾಕಿದ ಬೋಲ್ಟುಗಳನ್ನಾದರೂ ನೋಡುತ್ತೇನೆಂದು ಮತ್ತೆ ಕಾರಿನಡಿಗೆ ಸರಿದ.

ಸುಳ್ಳು ಹೇಳಲೂ ಬಾರದ ಜನ. ಗೋಡೆಯ ಮೂಲೆಯಲ್ಲಿ ನೀರಿನ ಡ್ರಮ್ಮಿನ ಹಿಂದೆ ಕಾರಿನ ಬದಿಗೊಂದರಂತೆ ಎರಡು ಗೋಣಿಚೀಲದ ಗಂಟುಗಳಿದ್ದವು. ಅವುಗಳ ಬಾಯಿಂದ ಬಾಗಿದ ಉಕ್ಕಿನ ತುದಿ ಇಣುಕುತ್ತಿತ್ತು. ತಾನು ಮಾಡಿದ ಬಾಗನ್ನು ಓಬಳಪ್ಪ ಹತ್ತು ಮಾರು ದೂರದಿಂದ ಹಿಡಿಯಬಲ್ಲ. ಹೊಸದನ್ನು ಹಾಕಿಸಿಕೊಂಡ ತಪ್ಪಿಗೆ ಹೆದರಿ ಹಳೆಯದನ್ನು ಅಡಗಿಸಿದ್ದಾರೆ, ಪುಕ್ಕಲರು! ಅವನು ಟವೆಲು ಬಿಚ್ಚಿ ಸುತ್ತಿಗೆ ತೆಗೆದ. ಹತ್ತಿರದ ಗಂಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಬಾ ತಾಯಿ, ಕೇಳು ಇಲ್ಲಿ,” ಎಂದು ಕಾರಿನಲ್ಲಿದ್ದ ಸಂಧ್ಯಾರಾಣಿಯನ್ನು ಕರೆದ. “ನಿನ್ನ ಗಂಡ ಊರಿಗೆಲ್ಲ ಹೋಗಿದ್ವು ಅಂತ ಸಾರ್ಯಾನಲ್ಲ. ಹೋಗಿರೋ ಪಾಟಾ ಹೆಂಗೆ ಮಾತಾಡುತ್ತೆ, ಇರೋ ಪಾಟಾ ಹೆಂಗೆ ಮಾತಾಡುತ್ತೆ, ತಿಳ್ಕೋ.”

ಮೊದಲ ಪಟ್ಟಿಯನ್ನು ಎಳೆದು ಒಂದು ತುದಿಯಿಂದ ನೇತುಹಿಡಿದು ಬಡಿದ. ಠಣ್ ಎಂದಿತು. ಎರಡನೆಯದು ಠಣ್. ಮೂರನೆಯದಕ್ಕೆ ಅವನೇ ಠಣ್ ಎಂದು ದನಿಗೂಡಿಸಿದ. ನಾಲ್ಕು, ಐದು, ಆರು. ಪ್ರತಿಯೊಂದರ ಮೇಲೂ ತುಕ್ಕಿನಡಿ ಅವನ ‘ಓ’ ಇತ್ತು. ಸಂಧ್ಯಾರಾಣಿ ಕೈಯಲ್ಲಿ ಮೆಂತ್ಯದ ಕಟ್ಟು ಹಿಡಿದುಕೊಂಡೇ, “ಸಾಕು ಬಿಡ್ರಿ ಮಾವಾರೆ, ಗೊತ್ತಾತು,” ಎಂದಳು. ಓಬಳಪ್ಪ ಬಿಡುವ ಪೈಕಿಯೇ? ಏಳನೆಯದು ಬಾಕಿಯಿತ್ತು. ಅವನ ತಲೆಯಿಂದ ಬಂದದ್ದು, ಎಲ್ಲಕ್ಕಿಂತ ಗಟ್ಟಿ. ಚೀಲದೊಳಗೆ ಕೈ ಹಾಕಿ ಎಳೆದ.

ಅರ್ಧವೇ ಬಂತು.

ಇನ್ನರ್ಧವನ್ನು ಅವನು ಕೈಯಾಡಿಸಿ ಹುಡುಕಬೇಕಾಯಿತು. ಎರಡೂ ತುಂಡುಗಳನ್ನು ನೆಲದ ಮೇಲಿಟ್ಟು ಜೋಡಿಸಿದ. ಮುರಿದ ಬಾಯಿ ಇವತ್ತಿನದಲ್ಲ. ಒಳಗೆಲ್ಲ ಕಪ್ಪು ತುಕ್ಕು ಹಿಡಿದಿತ್ತು. ಎರಡು ತುಂಡನ್ನೂ ಸೇರಿಸಿ ಯಾರೋ ಕಬ್ಬಿಣದ ಪಟ್ಟೆ ಸುತ್ತಿ ಬಿಗಿದಿದ್ದ ಗುರುತು ಆ ತುಕ್ಕಿನ ಮೇಲೆ ಹಳೆಯದಾಗಿ ಉಳಿದಿತ್ತು. ಬಿರುಕು ನೆಟ್ಟಗೆ ‘ಓ’ ಅಕ್ಷರದ ನಡುವೆಯೇ ಹಾದುಹೋಗಿತ್ತು. ಅಕ್ಷರದ ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಇದೇನೋ ಕಾಕತಾಳೀಯ ಎನ್ನಬಹುದಿತ್ತು. ಓಬಳಪ್ಪನಿಗೆ ಆ ಪುಣ್ಯವೂ ಇರಲಿಲ್ಲ. ದಪ್ಪ ಪಟ್ಟಿಯನ್ನು ತುಂಡು ಮಾಡಬೇಕಾದರೆ ಏನು ಮಾಡಬೇಕೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಲೆ ಉಳಿಯಿಟ್ಟು ಒಂದು ಗೀರು ಹಾಕುವುದು, ಆಮೇಲೆ ಬಗ್ಗಿಸುವುದು. ಗೀರು ಬಿದ್ದಲ್ಲೇ ಉಕ್ಕು ಬಿಡುತ್ತದೆ. ದಿನಕ್ಕೆ ಹತ್ತು ಸಲ ಅವನು ಹಾಗೆಯೇ ಪಟ್ಟಿ ಕಡಿದಿದ್ದ. ನಲವತ್ತೆರಡು ವರ್ಷ ಒಂದೊಂದು ಪಾಟಾಕ್ಕೂ ಮುರಿಯುವ ಜಾಗವನ್ನು ತನ್ನ ಕೈಯಾರೆ ಗುರುತು ಮಾಡಿ, ಮುರಿಯೋದಿಲ್ಲ ಎಂದು ಹೇಳಿ ಕಳಿಸಿದ್ದ.

ಅನ್ನಪೂರ್ಣಮ್ಮ ಮಂಡಕ್ಕಿಯ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. “ನೋಡಿಬಿಟ್ರಾ ಅಣ್ಣಾ,” ಎಂದರು.

“ಯಾವಾಗ ಮುರೀತು?”

“ಹೋಗ್ಲಿ ಬಿಡ್ರಿ. ಹಳೇ ಕಾರು, ಹಳೇ ಕಬ್ಬಿಣ.”

“ಅಮ್ಮಾರೆ, ಯಾವಾಗ?”

“ಸಂಧ್ಯಾ ನಮ್ಮನಿಗೆ ಬಂದ ವರ್ಷ. ಹದಿನಾರು ವರ್ಷ ಆತು. ಇದೇ ಮನೆ ಮುಂದೆ ಮೂಟೆ ಹೇರುವಾಗ ಫಟ್ ಅಂತು.”

“ತರಬೇಕಾಗಿತ್ತಲ್ಲ! ಮುರಿದ್ರೆ ತಗೊಂಡು ಬಾ ಅಂತ ಬಾಯಿ ಬಡ್ಕೊಂಡಿದ್ದೆನಲ್ಲ!” ಅವನ ದನಿ ಎಂದಿನಂತೆ ಏರಿತು. ಆದರೆ ಏರಿದಲ್ಲಿ ನಿಲ್ಲಲಿಲ್ಲ.

ಅನ್ನಪೂರ್ಣಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವನೆದುರು ಮೆಟ್ಟಿಲಿನ ಮೇಲೆ ಕೂತರು. “ನಾನೂ ಅದನ್ನೇ ಅಂದೆ ಅಣ್ಣಾ. ನಮ್ಮನೆಯವರು ಕೇಳ್ಲಿಲ್ಲ. ಆ ಮನುಷ್ಯನ ಬಾಯಿ ಕೆಟ್ಟದ್ದು, ಆದ್ರೆ ಆಡಿದ್ದನ್ನ ಮಾಡೇ ಬಿಡ್ತಾನೆ ಅಂದ್ರು. ನಿಮ್ಮ ಮಗಳು ನಾಗರತ್ನನ ಮದುವಿ ಗೊತ್ತಾಗಿತ್ತು ಆ ವರ್ಷ. ಇದನ್ನ ತಗೊಂಡೋಗಿ ನಿಮ್ಮ ಮುಂದೆ ಇಟ್ರೆ ನೀವು ಅವತ್ತೇ ಕುಲುಮೆ ಮುಚ್ಚಿ ಕೂರ್ತೀರಿ, ಆ ಹುಡುಗಿ ಮದುವಿ ಮುರಿದ ಪಾಪ ನನಗ್ಯಾಕೆ ಅಂದ್ರು. ಪಟ್ಟೆ ಕಟ್ಟಿಸ್ಕೊಂಡು ಓಡಾಡಿದ್ರು. ಕಾರು ಒಂದು ಕಡಿ ವಾಲ್ತಿತ್ತಲ್ಲ, ಜಗಳೂರಿಗೆ ಬಂದಾಗೆಲ್ಲ ಸಂತೆ ಮೈದಾನದಾಗೆ ನಿಲ್ಲಿಸಿ ನಿಮ್ಮಲ್ಲಿಗೆ ನಡ್ಕೊಂಡು ಬರ್ತಿದ್ರು.”

ಓಬಳಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು. ಬಿಸಿಲಲ್ಲಿ ಬೆವರಿಕೊಂಡು ನಡೆದು ಬರುತ್ತಿದ್ದ ಆ ದಪ್ಪ ಮನುಷ್ಯನನ್ನು ನೋಡಿ, ಕಾರಿಗೆ ಕುಲುಮೆಯ ಮಸಿ ತಾಗೀತೆಂದು ದೂರ ನಿಲ್ಲಿಸುತ್ತಾನೆ, ಧಿಮಾಕಿನವನು ಎಂದು ಅವನು ಬೆಂಚಿನವರ ಮುಂದೆ ಎಷ್ಟು ಸಲ ಆಡಿಕೊಂಡಿದ್ದ!

“ನಿಮ್ಮದೊಂದೇ ತಾನೆ?” ಎಂದು ಕೇಳಿದ. “ಅಮ್ಮಾರೆ, ನಿಮ್ಮದೊಂದೇ ತಾನೆ ಮುರಿದಿದ್ದು?”

ಅನ್ನಪೂರ್ಣಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. ಕಾರಿನಡಿಯ ಸದ್ದೂ ನಿಂತಿತ್ತು.

“ಪರಮೇಶಂದು?”

“ಪರಮೇಶಪ್ಪಗೆ ಅಣ್ಣನೂ ಇಲ್ಲ, ಭಾವನೂ ಇಲ್ಲ ಅಣ್ಣಾ. ಇರೋದು ಒಂದೇ ಜೀಪು.”

ಓಬಳಪ್ಪ ಅಷ್ಟು ಹೊತ್ತು ಕುಕ್ಕರುಗಾಲಿನಲ್ಲಿದ್ದವನು ನೆಲಕ್ಕೆ ಕುಂಡಿಯೂರಿದ. ಪ್ರತಿ ಸಲ ಮುರಿದಾಗಲೂ ಪರಮೇಶ ಒಬ್ಬ ಹೊಸ ನೆಂಟನನ್ನು ಹುಟ್ಟಿಸಿಕೊಂಡು ಬಂದಿದ್ದ. ಮುರಿದದ್ದನ್ನು ತೋರಿಸಿದರೆ ಬೈಗುಳ, ಮೇಲೊಂದು ಸಂಸಾರ ಬೀದಿಗೆ ಬಿದ್ದ ಕರ್ಮ. ಬೇರೆ ಕಡೆ ಮಾಡಿಸೋಣವೆಂದರೆ ಇಷ್ಟು ಒಳ್ಳೆಯ ಹದ ಯಾರೂ ಹಾಕುವುದಿಲ್ಲ. ಪಾಪ, ಅವನು ಏನು ಮಾಡಿಯಾನು?

“ಎಲ್ರಿಗೂ ಗೊತ್ತಿತ್ತಾ?”

“ಮದುವಿ ಮುಂಜಿನಾಗೆ ಸೇರಿದಾಗ ನಿಂದು ಎಷ್ಟು ವರ್ಷಕ್ಕೆ ಹೋತು ಅಂತ ಕೇಳ್ಕೊಳ್ತಿದ್ರು.”

“ನಗ್ತಿದ್ರಾ?”

ಅವರು ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷ ಹೇಳಿದ್ದರಲ್ಲ, ಇನ್ನೊಂದು ಹೆಚ್ಚಾಗುತ್ತಿರಲಿಲ್ಲ. “ನಗ್ತಿದ್ರು ಅಣ್ಣಾ,” ಎಂದರು. “ಆದ್ರೆ ನಿಮ್ಮ ಮುಂದೆ ಮಾತ್ರ ಯಾರೂ ಹೇಳಬಾರದು ಅಂತ ಮಾತಾಗಿತ್ತು.”

ಹೊನ್ನಾಳಿಯವರು, ನ್ಯಾಮತಿಯವರು, ಚನ್ನಗಿರಿಯವರು. ಬೆಂಚಿನ ಮೇಲೆ ಕೂತು ಇಲ್ಲ ಇಲ್ಲ ಎಂದವರು. ಯಾರನ್ನು ಅವನು ಕಾಲ ಕಸಕ್ಕಿಂತ ಕಡೆಯಾಗಿ ಕಂಡಿದ್ದನೋ ಅವರೆಲ್ಲ ಸೇರಿ, ಮುರಿದ ಪಾಟಾದ ಮೇಲೆ ಕುಲುಕಾಡಿಕೊಂಡು ಓಡಾಡಿ, ಅವನ ಕುಲುಮೆಯ ಬೆಂಕಿ ಆರದಂತೆ ನೋಡಿಕೊಂಡಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಡೆಯಲು ಬಂದಿದ್ದರೆ ಸುತ್ತಿಗೆ ಹಿಡಿದು ನಿಲ್ಲುತ್ತಿದ್ದ. ಇವರು ಅಯ್ಯೋ ಪಾಪ ಎಂದು ಬಿಟ್ಟಿದ್ದರಲ್ಲ!

ಕಾರಿನಡಿಯಿಂದ ಸತೀಶನ ದನಿ ಬಂತು. ತಲೆ ಹೊರಗೆ ಹಾಕಲು ಅವನಿಗೂ ಮುಖವಿರಲಿಲ್ಲ. “ಮಾವ, ಇನ್ನೆರಡೇ ಬೋಲ್ಟು ಐತೆ. ಸಂಧ್ಯಾ ಒಬ್ಬಳದೇ ಭಾರ ಸಾಲ್ತಿಲ್ಲ. ನೀವು ಸ್ವಲ್ಪ ಹಿಂದಿನ ಸೀಟಿನಾಗೆ ಕೂರ್ತೀರಾ?”

ಸಂಧ್ಯಾರಾಣಿ ಮೊದಲು ಹೋಗಿ ತನ್ನ ಜಾಗದಲ್ಲಿ ಕೂತಳು. ಓಬಳಪ್ಪ ಎದ್ದ. ಚಪ್ಪಲಿ ಬಿಟ್ಟು, ಕಾರಿನೊಳಗೆ ಹತ್ತಿ, ಅನ್ನಪೂರ್ಣಮ್ಮ ಕೂತಿದ್ದ ಜಾಗದಲ್ಲಿ ಕೂತ. ಕಾರು ಮೆತ್ತಗೆ, ಸದ್ದಿಲ್ಲದೆ, ಬೇಕಾದಷ್ಟೇ ತಗ್ಗಿತು. ಎಷ್ಟು ಚೆನ್ನಾಗಿ ತಗ್ಗಿತೆಂಬುದು ಅವನಿಗೆ ಗೊತ್ತಾಯಿತು.

“ಹಾಂ, ಈಗ ಸರಿ ಆತು. ಅಲ್ಲಾಡಬೇಡ್ರಿ ಮಾವ,” ಎಂದ ಸತೀಶ.

ಅವನು ಅಲ್ಲಾಡಲಿಲ್ಲ. ಕೆಳಗಿನಿಂದ ಪಾನಾ ಟಕ್ ಎಂದಿತು.

ಅನ್ನಪೂರ್ಣಮ್ಮ ತಟ್ಟೆ ಹಿಡಿದು ಕಾರಿನ ಕಿಟಕಿಯ ಹತ್ತಿರ ಬಂದರು. ಅವರಿಗೆ ನಿಜವಾಗಿ ಹೆದರಿಕೆಯಾಗಿತ್ತು. ಗಂಡ ಸಾಯುವವರೆಗೂ ಕಾಪಾಡಿದ್ದನ್ನು ಒಂದು ಗೋಣಿಚೀಲ ಸರಿಯಾಗಿ ಅಡಗಿಸಲಾಗದೆ ತಾವು ಕೆಡಿಸಿದೆವು ಎಂದು ಅವರ ಮುಖವೇ ಹೇಳುತ್ತಿತ್ತು. “ಅಣ್ಣಾ,” ಎಂದರು, “ನಾಳೆ ಕುಲುಮೆ ಹಚ್ತೀರಲ್ಲ?”

ಓಬಳಪ್ಪ ಮುಂದಿನ ಸೀಟಿನ ಮೂಟೆಗಳನ್ನೇ ನೋಡುತ್ತಿದ್ದ. ಬಿಳಿಚೋಡಿನಲ್ಲಿ ಅವನಿಗೆ ಕುರಿಯೂ ಇರಲಿಲ್ಲ, ಕಾಯುವ ಮಂಡಿಯೂ ಉಳಿದಿರಲಿಲ್ಲ. ಆಡಿದ ಮಾತು ಬಾಗಿಲಲ್ಲೇ ಬಂದು ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಅದಕ್ಕೆ ಬೆನ್ನು ತಿರುಗಿಸಿದ.

“ಮುರಿದಿದ್ದನ್ನ ಯಾರೂ ವಾಪಸ್ ತಂದಿಲ್ಲವಲ್ಲ ಅಮ್ಮಾರೆ,” ಎಂದ. ಆಮೇಲೆ, ಕಾರಿನಡಿ ಇದ್ದವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ತರಬ್ಯಾಡ್ರಿ,” ಎಂದ.